ಹನ್ನೆರಡು ಕ್ಯಾಪ್ಟನ್‌ಗಳ ನೌಕೆ

ಮಂಗಳ ಗ್ರಹ ಮುಟ್ಟಲು ಇನ್ನು ಹದಿನೆಂಟು ನಿಮಿಷ ಇರುವಾಗ ನೌಕೆಯ ಹಿಂಬದಿಯ ಪೈಪು ಸೋರತೊಡಗಿತು. ಕೆಂಪು ದೀಪ ಹತ್ತಿತು, ಗಂಟೆ ಬಡಿದುಕೊಂಡಿತು. ಯಾರಾದರೂ ಒಬ್ಬರು ಓಡಿಹೋಗಿ ವಾಲ್ವ್ ತಿರುಗಿಸಬೇಕು, ಅಷ್ಟೇ ಕೆಲಸ. ಒಳಗಿದ್ದ ಹದಿಮೂರು ಮಕ್ಕಳಲ್ಲಿ ಹನ್ನೆರಡು ಮಂದಿ ಕೈ ಚಾಚಿ ಒಬ್ಬರಿಗೊಬ್ಬರು ವಾಲ್ವ್ ತೋರಿಸಿದರು.

“ಹೋಗಿ ಮುಚ್ಚು.”

“ನೀನು ಮುಚ್ಚು. ನಾನು ಕ್ಯಾಪ್ಟನ್.”

“ನಾನೂ ಕ್ಯಾಪ್ಟನ್ನೇ. ಟೋಪಿ ನೋಡು.”

ನೌಕೆ ಎಂದರೆ ಪ್ಲೈವುಡ್ಡಿನ ಒಂದು ಉದ್ದನೆಯ ಕೋಣೆ. ಶಾಲೆಯ ಮಕ್ಕಳು ಸಂಜೆ ಒಳಹೊಕ್ಕು, ರಾತ್ರಿಯಿಡೀ ಹಾರಿದಂತೆ ಮಾಡಿ, ಬೆಳಿಗ್ಗೆ ಮಂಗಳದ ಮೇಲೆ ಇಳಿಯುವ ಶಿಬಿರ ಅದು. ಅರ್ಜಿಯಲ್ಲಿ ‘ನಿಮ್ಮ ಮಗುವಿಗೆ ಯಾವ ಹುದ್ದೆ ಬೇಕು’ ಎಂದು ಕೇಳಿದ್ದೇ ತಪ್ಪಾಯಿತು. ಹನ್ನೆರಡು ಮನೆಯವರು ಕ್ಯಾಪ್ಟನ್ ಎಂದು ಬರೆದು ಅಡಿಯಲ್ಲಿ ಎರಡೆರಡು ಗೆರೆ ಎಳೆದಿದ್ದರು. ಒಬ್ಬ ತಾಯಿ ಮಾತ್ರ ‘ಯಾವುದಾದರೂ ಸರಿ’ ಎಂದಿದ್ದಳು. ಶಿಬಿರದ ಮಾಲೀಕರು ಯಾರ ಮನಸ್ಸನ್ನೂ ನೋಯಿಸುವವರಲ್ಲ, ಹನ್ನೆರಡು ಟೋಪಿ ಹೊಲಿಸಿದರು. “ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ಸರ್?” ಎಂದು ತರಬೇತಿ ಕೊಡುವ ಮಿಸ್ ಕೇಳಿದ್ದಕ್ಕೆ, “ಒಬ್ಬಳು ಇದಾಳಲ್ಲ” ಎಂದಿದ್ದರು.

ಆ ಒಬ್ಬಳು ದಪ್ಪ ಕನ್ನಡಕದ ಹುಡುಗಿ. ರಾತ್ರಿಯಿಡೀ ಗಾಳಿಯ ಒತ್ತಡದ ಮುಳ್ಳು ನೋಡಿದವಳು, ಬ್ಯಾಟರಿ ಬದಲಿಸಿದವಳು, ದಿನಚರಿ ಬರೆದವಳು ಎಲ್ಲ ಅವಳೇ. ಕ್ಯಾಪ್ಟನ್‌ಗಳು ದಿನಚರಿಗೆ ಸಹಿ ಹಾಕಿದ್ದರು, ಪುಟಕ್ಕೆ ಹನ್ನೆರಡು ಸಹಿ. ಈಗ ಅವಳು ವಾಲ್ವ್ ಕಡೆ ಹೊರಟರೆ ಒಬ್ಬ “ನಿಲ್ಲು” ಎಂದ, ಇನ್ನೊಬ್ಬಳು “ಮೊದಲು ನನಗೆ ವರದಿ ಕೊಡು” ಎಂದಳು. ಹತ್ತು ಜನರ ಮಧ್ಯೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿದ್ದವರು ಹನ್ನೆರಡು ಜನ, ಅದೂ ಅಧಿಕಾರದಲ್ಲಿದ್ದವರು.

ಗೋಡೆಯಾಚೆ ‘ಭೂಮಿ’ ಎಂದು ಬೋರ್ಡು ಹಾಕಿದ ಚಿಕ್ಕ ಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದ ಮಿಸ್‌ಗೆ ಹಿಂದಿನ ಶಿಬಿರ ನೆನಪಾಯಿತು. ಹೋದ ತಿಂಗಳು ಕಂಪ್ಯೂಟರಿನ ಲೆಕ್ಕದಲ್ಲಿ ನೌಕೆ ಸುಟ್ಟುಹೋಗಿ, ಹೊರಗಿನ ದೊಡ್ಡ ಪರದೆಯ ಮೇಲೆ ಮಡಿದವರ ಪಟ್ಟಿ ಮೂಡಿತ್ತು. ಅದರಲ್ಲಿ ಮಗನ ಹೆಸರು ಓದಿದ ತಾಯಿಯೊಬ್ಬಳು ಗೋಳೋ ಎಂದು ಅತ್ತಿದ್ದಳು. ಮಗ ಪಕ್ಕದಲ್ಲೇ ನಿಂತು ಬಿಸ್ಕತ್ತು ತಿನ್ನುತ್ತಿದ್ದ.

ಮಾಲೀಕರು ಬಾಗಿಲಲ್ಲಿ ಇಣುಕಿದರು. “ಪೋಷಕರೆಲ್ಲ ಬಂದು ಕೂತಿದಾರೆ. ಕೊನೇ ಹತ್ತು ನಿಮಿಷ ಪರದೇಲಿ ತೋರಿಸ್ಬೇಕು. ಇವತ್ತೂ ಸುಟ್ಟುಹೋದ್ರೆ ನಾಳೆಯಿಂದ ನೀವು ಬರೋದು ಬೇಡ.”

“ಹಾಗಾದ್ರೆ ಒಬ್ಬರನ್ನ ಬಿಟ್ಟು ಉಳಿದವರ ಟೋಪಿ ತೆಗೆಸ್ತೀನಿ ಸರ್.”

“ಯಾರದ್ದು ತೆಗೆಸ್ತೀರಿ? ಅವರ ಅಪ್ಪಂದಿರೆಲ್ಲ ಹೊರಗೇ ಇದಾರೆ.”

ಮಿಸ್ ಹಿಂದೆ ಶಾಲೆಯಲ್ಲಿ ಹನ್ನೊಂದು ವರ್ಷ ಕ್ಲಾಸ್ ಮಾನಿಟರ್‌ಗಳನ್ನು ಸಂಭಾಳಿಸಿದವಳು. ಮೈಕ್ ಹತ್ತಿರ ಎಳೆದುಕೊಂಡಳು.

“ಭೂಮಿಯಿಂದ ಮುಖ್ಯ ಸೂಚನೆ. ಇಳಿಯುವಾಗ ಕ್ಯಾಪ್ಟನ್‌ಗಳು ಕೆಲಸ ಮುಟ್ಟುವ ಹಾಗಿಲ್ಲ. ಬೆಲ್ಟ್ ಹಾಕಿಕೊಂಡು ಹಾಸಿಗೆ ಮೇಲೆ ಮಲಗಬೇಕು. ಈ ಸೌಲಭ್ಯ ಕ್ಯಾಪ್ಟನ್‌ಗಳಿಗೆ ಮಾತ್ರ.”

ರಾತ್ರಿಯಿಂದ ಅವರು ಪಾಲಿಸಿದ ಮೊದಲ ಆಜ್ಞೆ ಅದು. ಕಿಟಕಿ ಪಕ್ಕದ ಹಾಸಿಗೆಗಾಗಿ ಇಬ್ಬರು ಸ್ವಲ್ಪ ಕಿತ್ತಾಡಿ ಆಮೇಲೆ ತೆಪ್ಪಗಾದರು.

“ಒಬ್ಬಳೇ ಮಾಡ್ತೀಯಾ ಪುಟ್ಟಾ?”

“ಈಗ ದಾರಿ ಬಿಟ್ರಲ್ಲ ಮಿಸ್, ಮಾಡ್ತೀನಿ.”

ಹುಡುಗಿ ಹಿಂದಕ್ಕೆ ಓಡಿ ವಾಲ್ವಿಗೆ ಜೋತುಬಿದ್ದು ತಿರುಗಿಸಿದಳು. ಮುಂದಕ್ಕೆ ಓಡಿ ಎರಡೂ ಕೈಯಲ್ಲಿ ಸನ್ನೆಗೋಲು ಹಿಡಿದು, ಜಾರುವ ಕನ್ನಡಕವನ್ನು ಭುಜದಿಂದ ಮೇಲಕ್ಕೆ ತಳ್ಳುತ್ತ, ಎತ್ತರವನ್ನು ಜೋರಾಗಿ ಎಣಿಸಿದಳು. ನೌಕೆ ಧಡ್ ಎಂದು ಅಲುಗಿ ನಿಂತಿತು. ಮಿಸ್ ಮೇಜಿಗೆ ಹಣೆ ಹಚ್ಚಿ ಅತ್ತೇಬಿಟ್ಟಳು. ಕೆಲಸ ಉಳಿಯಿತಲ್ಲ ಎನ್ನುವ ಸಮಾಧಾನವೂ ಇತ್ತು, ಆ ಹುಡುಗಿಯ ಮೇಲೆ ಉಕ್ಕಿಬಂದ ಅಕ್ಕರೆಯೂ ಇತ್ತು.

ಅಷ್ಟರಲ್ಲಿ ಮಾಲೀಕರು ಬಿಳಿಚಿಕೊಂಡು ಓಡಿಬಂದರು. “ಪರದೆ ಆರಿಸಿ, ಬೇಗ ಆರಿಸಿ.”

ಕಾಲ ಮಿಂಚಿತ್ತು. ಕಂಪ್ಯೂಟರಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಇಳಿಯುವಾಗ ಕೈ ಆಡಿಸಿದವರನ್ನು ಅದು ಸಿಬ್ಬಂದಿ ಎಂದು ಬರೆದುಕೊಳ್ಳುತ್ತದೆ, ಬೆಲ್ಟ್ ಬಿಗಿದುಕೊಂಡು ಸುಮ್ಮನೆ ಬಿದ್ದಿದ್ದನ್ನೆಲ್ಲ ಸರಕು ಎನ್ನುತ್ತದೆ. ಇಂಧನದ ಲೆಕ್ಕಕ್ಕೆಂದು ಹಿಂದಿನ ಸಂಜೆಯೇ ಎಲ್ಲರ ತೂಕ ನೋಡಿದ್ದರಿಂದ ಪಟ್ಟಿ ಸಿದ್ಧವಾಗಿಯೇ ಇತ್ತು. ಪರದೆಯಲ್ಲಿ ‘ಸಿಬ್ಬಂದಿ’ ಎಂಬುದರ ಕೆಳಗೆ ಒಂದೇ ಹೆಸರು. ‘ಸರಕು’ ಎಂಬುದರ ಕೆಳಗೆ ಹನ್ನೆರಡು ಹೆಸರು, ಎದುರಿಗೆ ಕಿಲೋ, ಎಲ್ಲಕ್ಕಿಂತ ಭಾರದ್ದು ಎಲ್ಲಕ್ಕಿಂತ ಮೇಲೆ.

ಮಿಸ್ ಹೊರಗೆ ಬಂದಳು. ಬೈಗುಳಕ್ಕೆ ಸಿದ್ಧಳಾಗಿ ಗೋಡೆಗೆ ಒರಗಿ ನಿಂತಳು. ಪೋಷಕರು ತಂತಮ್ಮ ಮಕ್ಕಳ ಹೆಸರು ಹುಡುಕುತ್ತ ಪಟ್ಟಿ ಓದುತ್ತಿದ್ದರು. ಮೇಲಿದ್ದ ಆ ಒಂದು ಹೆಸರಿನ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಪ್ಪ ಎದ್ದು ನಿಂತ. ಫೋನ್ ಎತ್ತಿ ಪರದೆಯ ಫೋಟೋ ತೆಗೆದ, ಸುತ್ತ ನೋಡಿದ, ಎದೆ ಉಬ್ಬಿಸಿ ಹೇಳಿದ: “ಐವತ್ತೆರಡು. ನಮ್ಮವನೇ ಫಸ್ಟ್.”

ಎರಡನೆಯವನ ಅಪ್ಪ ಹುಳ್ಳಗೆ ನಕ್ಕು ಅವನ ಕೈ ಕುಲುಕಿದ. ಸರಕಿನ ಪಟ್ಟಿಯ ಕೊನೆಯಲ್ಲಿದ್ದ ಕ್ಯಾಪ್ಟನ್ ಹುಡುಗಿಯ ತಾಯಿ ಜನರನ್ನು ಸರಿಸಿಕೊಂಡು ನೇರವಾಗಿ ಮಿಸ್ ಹತ್ತಿರ ಬಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ನಮ್ಮವಳಿಗೆ ಇಪ್ಪತ್ತೊಂಬತ್ತೇ ಯಾಕೆ ಮಿಸ್ ಕೊಟ್ಟಿದೀರಿ? ಅವಳೂ ಎಲ್ಲರ ಹಾಗೇ ಅಲ್ಲಾಡದೆ ಮಲಗಿದ್ದಳು, ನಾನೇ ನೋಡಿದೀನಿ.”