ಮುಷ್ಟಿ ಹಿಡೀರಿ

ಸಂಧಿವಾತದ ದುಬಾರಿ ಇಂಜೆಕ್ಷನ್ನು ಸರ್ಕಾರದ ವಿಮೆಯಲ್ಲಿ ಇನ್ನೊಂದು ವರ್ಷ ಸಿಗಬೇಕಾದರೆ ಡಾಕ್ಟರು ಕೈ ನೋಡಿ ಒಪ್ಪಬೇಕಿತ್ತು. ವಿಮಾ ಕಚೇರಿಯ ಬೆಂಚಿನ ಮೇಲೆ ಬೀಡಿ ಕಟ್ಟುವ ಕದರಮ್ಮ ಊದಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಣಂತನ ಮುಗಿಸಿ ಮೊನ್ನೆಯಷ್ಟೇ ಊರಿಗೆ ಮರಳಿದ್ದ ಗೆಳತಿ ಜಬೀನಾ ಅವಳ ಸೆರಗು ಸರಿಮಾಡಿದಳು.

"ಏನಕ್ಕಾ ಇದು? ಇಂಜೆಕ್ಷನ್ ಶುರುವಾದ್ಮೇಲೆ ನನಗಿಂತ ಜೋರಾಗಿ ಬೀಡಿ ಸುತ್ತುತಿದ್ದೆ!"

"ಎರಡು ತಿಂಗಳಿಂದ ಚುಚ್ಚಿಸ್ಕಂಡಿಲ್ಲ ಕಣೆ. ಬೇಕಂತಲೇ ಬಿಟ್ಟೆ."

"ತಲೆ ಕೆಟ್ಟೈತಾ ನಿಂಗೆ?"

"ಹೋದ್ ವರ್ಷ ನಿಮ್ಮತ್ತೆಗೇನಾಯ್ತು? ಮುಷ್ಟಿ ಹಿಡಿ ಅಂದ್ರು. ಆಯಮ್ಮ ಜಂಬದಿಂದ ಹಿಡಿದು ತೋರಿಸ್ತು. ವಾಸಿಯಾಗೈತಲ್ಲ, ಇನ್ಯಾಕೆ ಔಷಧಿ ಅಂತ ನಿಲ್ಲಿಸಿಬಿಟ್ರು. ಈಗ ಅನ್ನ ಕಲಸಕ್ಕೂ ನೀನೇ ಬೇಕು."

ಒಳಗಿನಿಂದ ಕದರಮ್ಮನ ಹೆಸರು ಕೂಗಿದರು.

"ಮುಷ್ಟಿ ಹಿಡೀರಿ," ಎಂದರು ಡಾಕ್ಟರು.

ಬೆರಳುಗಳು ಅರ್ಧಕ್ಕೇ ನಿಂತವು. ಕಣ್ಣಲ್ಲಿ ನೀರು ತುಂಬಿತು. ನಾಟಕ ಆಡುವ ಅಗತ್ಯವೇ ಬೀಳಲಿಲ್ಲ.

"ಅಯ್ಯೋ ಪಾಪ, ತುಂಬಾ ನೋವಿದೆಯಲ್ಲಮ್ಮಾ."

"ಹೂಂ ಸಾರ್, ತಡೆಯಕ್ಕಾಗಲ್ಲ." ಕದರಮ್ಮ ಬಾಗಿಲಲ್ಲಿ ನಿಂತಿದ್ದ ಜಬೀನಾಳತ್ತ ತಿರುಗಿ, ಗೆದ್ದೆ ಎಂಬಂತೆ ಸಣ್ಣಗೆ ನಕ್ಕಳು.

ಡಾಕ್ಟರು ಕಾಗದಕ್ಕೆ ಸೀಲು ಒತ್ತಿದರು. "ವರ್ಷವಿಡೀ ಕೊಟ್ಟರೂ ಕೈ ಹೀಗೇ ಇದೆ ಅಂದ್ರೆ ಈ ಔಷಧಿ ನಿಮಗೆ ಹಿಡಿದೇ ಇಲ್ಲ, ನಿಲ್ಲಿಸಿದ್ದೀನಿ."