ಸರಳಾಳ ಹಳೇ ಕಂಪ್ಯೂಟರು

"ದೊಡ್ಡ ಬ್ಲಾಕ್ ಬಂತು ಫರ್ಹಾದ್ ಭಾಯ್!" ಎಂದು ಸರಳಾ ಕೂಗಿದಳು. ಮುಳಬಾಗಿಲಿನ ಅವಳ ಮೊಬೈಲ್ ರಿಪೇರಿ ಅಂಗಡಿಗೆ ಪಕ್ಕದ ಟೈಲರ್ ಫರ್ಹಾದ್ ಕತ್ತರಿ ಹಿಡಿದೇ ಓಡಿಬಂದ. ಹನ್ನೊಂದು ವರ್ಷದ ಕಂಪ್ಯೂಟರು ಗುಂಯ್‌ಗುಡುತ್ತಿತ್ತು.

ಅವಳು ಸದಸ್ಯೆಯಾಗಿದ್ದ ಕ್ರಿಪ್ಟೋ ಹಣದ ಜಾಲದಲ್ಲಿ ಎರಡು ವರ್ಷದಿಂದ ಒಂದೇ ಜಗಳ. ದಟ್ಟಣೆ ಹೆಚ್ಚಿ, ನೂರು ರೂಪಾಯಿ ಕಳಿಸಲು ಅರವತ್ತು ರೂಪಾಯಿ ಶುಲ್ಕವಾಗುತ್ತಿತ್ತು. ಒಂದು ಬ್ಲಾಕಿನಲ್ಲಿ, ಅಂದರೆ ಒಟ್ಟಿಗೆ ದಾಖಲಾಗುವ ಒಂದು ಕಂತೆಯಲ್ಲಿ, ಹಿಡಿಸುವ ವ್ಯವಹಾರಗಳ ಮಿತಿಯನ್ನು ಎರಡು ಪಟ್ಟು ಮಾಡಿ ಎಂದು ಸರಳಾ ವಾದಿಸಿದ್ದಳು. ಪ್ರತಿ ಬ್ಲಾಕನ್ನೂ ಸದಸ್ಯರ ಕಂಪ್ಯೂಟರುಗಳೇ ಪರಿಶೀಲಿಸಬೇಕು; ಹಾಗಾದರೆ ಬಡವರ ಹಳೇ ಯಂತ್ರಗಳು ಆ ಕೆಲಸದಲ್ಲಿ ಹಿಂದೆ ಬಿದ್ದು ಜಾಲ ಶ್ರೀಮಂತರ ಪಾಲಾಗುತ್ತದೆ ಎನ್ನುವುದು ಕೋಲಾರದ ಕಾಲೇಜು ಮೇಷ್ಟ್ರು ಸುಬ್ರಮಣಿಯ ವಾದ. ಅದು ಬರೀ ನೆಪವಲ್ಲವೆಂದು ಅವಳಿಗೂ ಗೊತ್ತಿತ್ತು. ಅದಕ್ಕೇ ತನ್ನ ಕಂಪ್ಯೂಟರಿನಲ್ಲೇ ಪರೀಕ್ಷೆ ನಡೆಯಲಿ, ಸೋತರೆ ವಾದ ಬಿಡುತ್ತೇನೆ ಎಂದಿದ್ದಳು. ಎರಡು ಪಟ್ಟು ದೊಡ್ಡದಾದ ಪರೀಕ್ಷಾ ಬ್ಲಾಕಿನ ಪರಿಶೀಲನೆ ಹತ್ತು ನಿಮಿಷದಲ್ಲಿ ಮುಗಿಯಬೇಕು. ಆಮೇಲೆ ಮತ ಹಾಕಲು ಆನ್‌ಲೈನ್ ಸಭೆಗೆ ಸೇರಿದ್ದ ಇನ್ನೂರು ಸದಸ್ಯರು ನೋಡುತ್ತಿದ್ದರು.

ಎಂಟನೇ ನಿಮಿಷಕ್ಕೆ ಪರದೆಯ ಮೇಲಿನ ಅಂಕಿ ಶೇಕಡಾ ತೊಂಬತ್ತೆರಡರಲ್ಲಿ ನಿಂತುಬಿಟ್ಟಿತು.

"ಆಫ್ ಮಾಡಿ ಆನ್ ಮಾಡ್ಲಾ ಸರಳಕ್ಕ?" ಎಂದ ಫರ್ಹಾದ್.

"ಅಯ್ಯೋ, ಮುಟ್ಬೇಡಿ! ಬಿಸಿಯಾಗಿ ನಿಧಾನ ಆಗ್ತೈತೆ, ಅಷ್ಟೇ." ಅವಳು ಸರಸರನೆ ತಿರುಪು ಬಿಚ್ಚಿ ಪಕ್ಕದ ಮುಚ್ಚಳ ಕಿತ್ತು, ಮೇಜಿನ ಫ್ಯಾನನ್ನು ಅದರತ್ತ ತಿರುಗಿಸಿದಳು. ತೊಂಬತ್ಮೂರು. ತೊಂಬತ್ತೇಳು. ನಲವತ್ತು ಸೆಕೆಂಡು ಉಳಿದಿರುವಾಗಲೇ ನೂರು!

"ಮೇಡಂ, ಈ ಡಬ್ಬಾನೇ ತಡ್ಕೊಂತು ಅಂದ್ಮೇಲೆ ನನ್ದೇನಿದೆ? ನನ್ ಓಟು ನಿಮ್ಗೇ," ಎಂದು ಸಭೆಯಲ್ಲಿದ್ದ ಸುಬ್ರಮಣಿ ನಗುತ್ತ ಕೈಯೆತ್ತಿದ. ಪರದೆಯ ತುಂಬ ಕೈಗಳು ಏಳತೊಡಗಿದವು. ಸರಳಾ ಎಣಿಸುತ್ತ ಕೂರಲಿಲ್ಲ. ಬಾಗಿಲಿಗೆ ಓಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಗೆದ್ವಿ!"