ಕಾಣೆಯಾದ ಗೊಂಬೆಗಳು

ಗೊಂಬೆ ಪೆಟ್ಟಿಗೆ ತೆರೆದಾಗ ಬರುವ ನುಸಿಗುಳಿಗೆಯ ವಾಸನೆ ಇವತ್ತಿಗೂ ನನ್ನನ್ನು ಲಕ್ಷ್ಮೀಪುರಂನ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಆ ನವರಾತ್ರಿಯಲ್ಲಿ ನಮ್ಮ ಬೀದಿಯಿಂದ ಮನೆಗೊಂದರಂತೆ ಗೊಂಬೆಗಳು ಕಾಣೆಯಾಗತೊಡಗಿದವು. ಮೊದಲು ಎದುರುಮನೆಯ ಶೆಟ್ಟಿ ಗೊಂಬೆ, ಆಮೇಲೆ ಮೂಲೆಮನೆಯ ಮಣ್ಣಿನ ಆನೆ. "ಕಾಲ ಕೆಟ್ಟೋಯ್ತು ಕಣ್ರೀ," ಎಂದು ಎಲ್ಲರಿಗಿಂತ ಜೋರಾಗಿ ಮರುಗಿದವಳು ನನ್ನ ಅಜ್ಜಿ.

ಕಳ್ಳನನ್ನು ಹಿಡಿದೇ ತೀರಬೇಕೆಂದು ನಾನು ಊಟವಾದ ಮೇಲೆ ಗೇಟಿನ ಹಿಂದೆ ಕಾದು ಕೂತೆ. ಪಕ್ಕದ ಮನೆಯಿಂದ ಹೊರಬಂದದ್ದು ಅಜ್ಜಿ. ಸೆರಗಿನಡಿ ಏನೋ ಉಬ್ಬಿತ್ತು. ಹಿಂಬಾಲಿಸಿದೆ. ಅವಳು ಹೋದದ್ದು ನನ್ನ ಗೆಳತಿ ಸುಧಾಳ ಹಿತ್ತಿಲಿಗೆ. ಸುಧಾಳ ಅಮ್ಮ ಆಷಾಢದಲ್ಲಿ ತೀರಿಕೊಂಡಿದ್ದರು. ಆ ವರ್ಷ ಅವರ ಮನೆಯಲ್ಲಿ ಗೊಂಬೆ ಕೂರಿಸುವಂತಿರಲಿಲ್ಲ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೇ ಪಂಚೆ ಹಾಸಿತ್ತು. ಅದರ ಮೇಲೆ ಶೆಟ್ಟಿ, ಆನೆ. ಅಜ್ಜಿ ಸೆರಗಿನಿಂದ ಕೃಷ್ಣನನ್ನು ತೆಗೆದುಕೊಟ್ಟಳು. ಸುಧಾ ಅವನ ಮುಖದ ಧೂಳನ್ನು ಲಂಗದ ಅಂಚಿನಿಂದ ಮೆಲ್ಲಗೆ ಒರೆಸಿದಳು.

"ಸಾವಾದ ಮನೇಲಿ ಕೂರಿಸಬಾರದು ಅಂತ ನೀನೇ ಅಂದಿದ್ಯಲ್ಲಜ್ಜಿ?" ನಾನು ಮರೆಯಿಂದ ಹೊರಬಂದು ಕೇಳಿದೆ.

"ಮನೇಲಿ ಕೂರಿಸಬಾರದು ಕಣೆ. ಇದು ಹಿತ್ತಿಲು. ಸುಮ್ನಿರು."

ಮರುದಿನ ನಮ್ಮ ಮನೆಯ ಪಟ್ಟದ ರಾಣಿ ಕಾಣೆಯಾದಳು. ರಾಜ ಒಬ್ಬನೇ ಕೂತಿದ್ದ. ಅಜ್ಜಿ ಆ ಖಾಲಿ ಜಾಗ ನೋಡಿದಳು, ನನ್ನನ್ನು ನೋಡಿದಳು. ಸಂಜೆ ಆರತಿಗೆ ಬಂದವರೆದುರು ನಿಟ್ಟುಸಿರು ಬಿಟ್ಟಳು:

"ನಮ್ಮನೇಲೂ ಹೋಯ್ತು ಕಣ್ರೀ."